ಬೆಳಗಿನ ಮೊದಲ ಲೋಟ

ಜಗಳ ಶುರುವಾದದ್ದು ಕಿಟಕಿಯಿಂದ.

ಮುಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಒಂದೇ ಫ್ಯಾನು. ಎದುರುಬದುರು ಎರಡು ಮಂಚ ಹಾಕಿಕೊಂಡು ಅಜ್ಜಿ ಮತ್ತು ಮೊಮ್ಮಗಳು ಅಲ್ಲಿ ಮಲಗುತ್ತಿದ್ದರು. ಮೊಮ್ಮಗಳು ಕಿಟಕಿ ತೆರೆದು ಅತ್ತ ತಿರುಗುವಷ್ಟರಲ್ಲಿ ಅಜ್ಜಿ ಎದ್ದು ಮುಚ್ಚುತ್ತಿದ್ದರು. ಅಜ್ಜಿಯ ಮೈಮೇಲೆ ಸ್ವೆಟರ್, ಅದರ ಮೇಲೊಂದು ಶಾಲು, ಕಾಲಿಗೆ ಉಣ್ಣೆಯ ಕಾಲುಚೀಲ. ಮೊಮ್ಮಗಳ ಕತ್ತಿಗೆ ಒದ್ದೆ ಟವೆಲ್. ಒಬ್ಬಳಿಗೆ ಮೈಯೆಲ್ಲ ಕುದಿ, ಇನ್ನೊಬ್ಬರಿಗೆ ಮೂಳೆಯೊಳಗೆ ಚಳಿ.

“ಅಜ್ಜಿ, ಉಸಿರುಗಟ್ಟುತ್ತೆ.”

“ನನಗೆ ಹಲ್ಲು ಕಟಕಟ ಅಂತಿದೆ, ಗೊತ್ತಾ?”

“ಕಟ್ಟಿಸಿದ ಹಲ್ಲು ತಾನೆ? ಬಟ್ಟಲಲ್ಲಿ ತೆಗೆದಿಟ್ಟು ಮಲಗಿ.”

ಮೊದಮೊದಲು ಇಬ್ಬರೂ ಇದಕ್ಕೆ ನಗುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ನಗು ನಿಂತು, ಕಿಟಕಿಯ ಚಿಲಕದ ಸದ್ದು ಮಾತ್ರ ಉಳಿಯಿತು.

ಇವರಿಬ್ಬರ ನಡುವೆ ಪಂಚಾಯಿತಿ ಮಾಡಬೇಕಾದವಳು ಮನೆಯ ಸೊಸೆ. ಹಳೆಯ ಬಟ್ಟೆ ಬಿಚ್ಚಿ, ಒಳಗೆ ಹಿಡಿದು, ಹೊರಗೆ ಬಿಟ್ಟು, ಮೈಗೆ ಹೊಂದಿಸಿ ಕೊಡುವುದು ಅವಳ ಕಸುಬು. ಬೀದಿಯಲ್ಲಿ ಅವಳನ್ನು ಎಲ್ಲರೂ ಹೊಲಿಗೆಯಮ್ಮ ಎನ್ನುತ್ತಿದ್ದರು. ಅಡುಗೆಮನೆಯ ಪಕ್ಕದ ಸಂದಿಯಲ್ಲಿ ಅವಳ ಯಂತ್ರ. ಮನೆಯವರೆಲ್ಲ ಊಟ ಮಾಡಿ ಎದ್ದ ಮೇಲೆ ಅವಳ ಕೆಲಸಕ್ಕೆ ವೇಗ ಬರುತ್ತಿತ್ತು. ಹೀಗಾಗಿ ಬೆಳಗ್ಗೆ ಅವಳು ಏಳುವುದು ಎಲ್ಲರಿಗಿಂತ ತಡ. ಅವಳ ಗಂಡ ಕನ್ನಡಕದ ಅಂಗಡಿಯೊಂದರ ಹಿಂಬದಿಯಲ್ಲಿ ಗಾಜು ಉಜ್ಜುವವನು. ಮಾತು ಕಡಿಮೆ, ಕೈ ನಯ. ಬೆಳಗ್ಗೆ ಬೇಗ ಎದ್ದು ತನ್ನ ತಾಯಿಗೆ ಚಹಾ ಮಾಡಿಕೊಡುವುದು ಅವನ ಪಾಲಿನ ಕೆಲಸ. ಆ ಚಹಾದ ವಿಷಯ ಮುಂದೆ ಬರುತ್ತದೆ.

ಇವರ ಮಗಳು ಆ ವರ್ಷ ನಗರದ ಬಸ್ಸು ಓಡಿಸಲು ಸೇರಿದ್ದಳು. ಇನ್ನೂ ಪರೀಕ್ಷಾವಧಿ. ಪಕ್ಕದಲ್ಲಿ ಹಿರಿಯ ಚಾಲಕರೊಬ್ಬರು ಕೂತಿರುತ್ತಿದ್ದರು. ಡಿಪೋದಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಧಿಯ ಕೊನೆಗೆ ವೈದ್ಯಕೀಯ ತಪಾಸಣೆ. ಕಣ್ಣು, ಕಿವಿ, ರಕ್ತದ ಒತ್ತಡ, ನಾಡಿ ನೋಡುತ್ತಾರೆ. ಚಾಚಿದ ಕೈ ನಡುಗುವಂತಿಲ್ಲ. ಪಾಸಾದರೆ ಕೆಲಸ ಕಾಯಂ, ಆಗದಿದ್ದರೆ ಮನೆ. ಅವಳ ತಂಡದಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಸೇರುವ ಮುನ್ನ ಅವಳ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಬಸ್ಸು ಓಡಿಸೋಳನ್ನ ಯಾರು ಕೇಳಿಕೊಂಡು ಬರ್ತಾರೆ ಎಂದು ಮೂಗು ಮುರಿದಿದ್ದಳು. ಬಸ್ಸು ಬೇಕಾದವರು ಸ್ಟಾಪಿನಲ್ಲಿ ನಿಂತು ಕಾಯ್ತಾರೆ ಎಂದಿದ್ದಳು ಮಗಳು. ಹಾಗೆ ಹೇಳಿ ಸೇರಿದ ಮೇಲೆ ಸೋತು ವಾಪಸು ಬರುವಂತಿರಲಿಲ್ಲ.

ಮೊದಲು ಅನುಮಾನ ಬಂದದ್ದು ತಾಯಿಯ ಬೆರಳಿಗೆ. ಮಗಳ ಸಮವಸ್ತ್ರದ ಪ್ಯಾಂಟನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೊಂಟಕ್ಕೆ ಸರಿಯಾಗಿ ಹೊಲಿದುಕೊಟ್ಟಿದ್ದಳು. ಅದು ಜಾರುತ್ತದೆ ಎಂದು ಬಂತು. ಒಳಗೆ ಹಿಡಿದಳು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಜಾರಿತು. ಆದರೆ ಮಗಳ ಊಟ ಕಡಿಮೆಯಾಗಿರಲಿಲ್ಲ. ಸಂಜೆ ಬಂದವಳೇ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಏನಿದ್ದರೂ ಬಾಚಿ ತಿನ್ನುತ್ತಿದ್ದಳು. ತಿಂದದ್ದು ಮಾತ್ರ ಒಳಗೆ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಎರಡು ಮೂರು ಸಲ ಹೊಟ್ಟೆ ಕೆಡುವುದು ಮಾಮೂಲಾಯಿತು. ಸ್ಟೇರಿಂಗ್ ಹಿಡಿದು ಕೂತಾಗ ಎದೆಯಿಂದ ಬಿಸಿ ಉಕ್ಕಿ ಮುಖಕ್ಕೆ ಏರುವುದು, ಕುತ್ತಿಗೆ ಕೆಂಪಾಗುವುದು, ಬೆನ್ನು ತೊಪ್ಪೆಯಾಗುವುದು. ಎದೆ ಡವಡವ ಹೊಡೆದುಕೊಳ್ಳುವುದು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವೈದ್ಯ. ಡಿಪೋ ಕ್ಯಾಂಟೀನಿನ ಎಣ್ಣೆಯದೇ ಕಾರಣ ಎಂದ ಅಪ್ಪ. ಅಜ್ಜಿ ಇಂಜಿನ್ ಮೇಲೆ ಕೂತರೆ ಯಾರಿಗಾದರೂ ಸೆಖೆಯೇ ಎಂದರು. ಮಗಳು ಕ್ಯಾಂಟೀನ್ ಬಿಟ್ಟು ಡಬ್ಬಿ ಒಯ್ದಳು, ಕಾಫಿ ಬಿಟ್ಟಳು, ಖಾರ ಬಿಟ್ಟಳು. ಏನೂ ವ್ಯತ್ಯಾಸ ಕಾಣಲಿಲ್ಲ. ಮೇಷ್ಟ್ರು ಇದು ಭಯ, ಹೊಸಬರಿಗೆಲ್ಲ ಇರುತ್ತದೆ, ಟ್ರಾಫಿಕ್ಕು ಅಭ್ಯಾಸವಾದರೆ ಹೊಟ್ಟೆಯೂ ಅಭ್ಯಾಸ ಮಾಡಿಕೊಳ್ಳುತ್ತದೆ ಎಂದು ಧೈರ್ಯ ಹೇಳಿದ್ದರಂತೆ.

ಹೊಲಿಗೆಯಮ್ಮನಿಗೆ ಬೇರೆಯೇ ದಿಗಿಲು. ಈ ಬಿಸಿ ಅವಳಿಗೆ ಹೊಸದಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಎರಡು ವರ್ಷ ಅವಳೂ ಹೀಗೇ ಬೆಂದಿದ್ದಳು. ನನಗೆ ಐವತ್ತರ ಹತ್ತಿರ ಬಂದದ್ದು ಇವಳಿಗೆ ಇಪ್ಪತ್ತಮೂರಕ್ಕೇ ಬಂತೆ ಎಂದು ಯಂತ್ರ ತುಳಿಯುತ್ತಾ ಯೋಚಿಸುತ್ತಿದ್ದಳು. ಗಂಡನೊಡನೆ ಹೇಳಿದರೆ ಅವನು ಹುಬ್ಬು ಗಂಟಿಕ್ಕಿ, ಅದೆಲ್ಲ ನಿಮ್ಮ ಹೆಂಗಸರ ವಿಷಯ ಎಂದು ಜಾರಿಕೊಂಡ.

ಭಾನುವಾರ ಊಟಕ್ಕೆ ಬಂದ ನಾದಿನಿ, ಮೂಗು ಮುರಿದಿದ್ದ ಅದೇ ಸೋದರತ್ತೆ, ಮಗಳು ತಟ್ಟೆ ಬಿಟ್ಟು ಬಚ್ಚಲಿಗೆ ಓಡಿದ್ದನ್ನು ನೋಡಿದಳು. ಕೈ ತೊಳೆಯುವ ನೆಪದಲ್ಲಿ ಹೊಲಿಗೆಯಮ್ಮನನ್ನು ಅಡುಗೆಮನೆಗೆ ಕರೆದು, ಸಣ್ಣ ದನಿಯಲ್ಲಿ ಕೇಳಿದಳು.

“ಹೊಟ್ಟೆ ತೊಳಸು, ಮುಖ ಕೆಂಪು. ಇದು ಯಾವುದರ ಲಕ್ಷಣ ಅಂತ ನಾನು ನಿನಗೆ ಹೇಳಿಕೊಡಬೇಕಾ?”

“ಹಾಗೇನಿಲ್ಲ ಅಕ್ಕ.”

“ಅವಳನ್ನೇ ಕೇಳಿದ್ದೀಯಾ? ಇಲ್ಲಾ ನೀನೇ ಅಂದುಕೊಂಡಿದ್ದೀಯಾ?”

ಬಚ್ಚಲಿಂದ ಬಂದ ಮಗಳು ಬಾಗಿಲಲ್ಲೇ ನಿಂತಿದ್ದಳು. ಅತ್ತೆ, ಬಸ್ಸಿನಲ್ಲಿ ನನ್ನ ಪಕ್ಕ ಕೂರೋದು ಅರವತ್ತರ ಹತ್ತಿರದ ಮೇಷ್ಟ್ರು, ಹಿಂದೆ ಕೂರೋದು ಇಡೀ ಊರು, ಇದರಲ್ಲಿ ಯಾರ ಮೇಲೆ ನಿಮ್ಮ ಅನುಮಾನ ಎಂದು ನೇರವಾಗಿ ಕೇಳಿದಳು. ನಾದಿನಿ ಆ ದಿನ ಊಟ ಪೂರ್ತಿ ಮಾಡದೆ ಹೊರಟುಹೋದಳು. ಅಪ್ಪನಿಗೆ ಅಕ್ಕ ಮುನಿಸಿಕೊಂಡದ್ದೇ ದೊಡ್ಡದಾಯಿತು. ದೊಡ್ಡವರ ಹತ್ತಿರ ಹೀಗೆ ಬಾಯಿ ಮಾಡ್ತಾರಾ ಎಂದು ಮಗಳ ಮೇಲೆ ರೇಗಿದ. ಆ ವಾರವೆಲ್ಲ ಅಪ್ಪ ಮಗಳು ಅಜ್ಜಿಯ ಮೂಲಕ ಮಾತಾಡಿದರು.

ಇನ್ನು ಚಹಾದ ವಿಷಯ.

ಅಜ್ಜಿಗೆ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ ಎಂದು ವೈದ್ಯರು ಹಿಂದೆಯೇ ಹೇಳಿದ್ದರು. ದಿನಾ ಒಂದು ಮಾತ್ರೆ, ಜೀವನಪೂರ್ತಿ. ಅಜ್ಜಿಗೆ ಆ ‘ಜೀವನಪೂರ್ತಿ’ ಎಂಬ ಮಾತೇ ಆಗಿಬರಲಿಲ್ಲ. ಜ್ವರಕ್ಕೆ ನುಂಗಿದರೆ ಜ್ವರ ಬಿಡುತ್ತದೆ, ಇದನ್ನು ನುಂಗಿದರೆ ಇನ್ನೊಂದು ನುಂಗಬೇಕು, ಇದೆಂಥ ಔಷಧ ಎಂದು ಕಳೆದ ಚಳಿಗಾಲದಲ್ಲಿ ಡಬ್ಬಿ ಸಮೇತ ಕಸದ ಬುಟ್ಟಿಗೆ ಎಸೆದುಬಿಟ್ಟರು. ಮನೆಯವರು ಗೋಗರೆದದ್ದಾಯಿತು, ಬೈದದ್ದಾಯಿತು. ಮಾತ್ರೆಯ ಸುದ್ದಿ ಎತ್ತಿದರೆ ನನ್ನ ಮಗಳ ಮನೆಗೆ ಹೋಗಿ ಕೂರುತ್ತೇನೆ ಎಂದರು. ಅಲ್ಲಿಗೆ ಸುದ್ದಿ ನಿಂತಿತು. ಅಜ್ಜಿ ಮಾತ್ರೆ ಬಿಟ್ಟರು ಎಂದು ಮೊಮ್ಮಗಳೂ ತಿಳಿದಿದ್ದಳು.

ಬಿಟ್ಟಿರಲಿಲ್ಲ, ಅಥವಾ ಹಾಗೆಂದು ಮಗ ಸೊಸೆ ನಂಬಿದ್ದರು. ಗಾಜನ್ನು ಧೂಳಾಗಿ ಉಜ್ಜುವ ಕೈಗೆ ಒಂದು ಮಾತ್ರೆ ಎಷ್ಟರದು? ಮಗ ಅದನ್ನು ನಯವಾಗಿ ಅರೆದು, ತಾನೇ ಮಾಡಿದ ಚಹಾದಲ್ಲಿ ಕಲಸಿ, ರುಚಿ ತಿಳಿಯದಿರಲಿ ಎಂದು ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ತಾಯಿಯ ಕೈಗೆ ಕೊಡತೊಡಗಿದ. ಹೆಂಡತಿಗೆ ಮಾತ್ರ ಹೇಳಿದ್ದ. ಇದು ಸರಿಯೇ ಎಂದು ಅವಳು ಕೇಳಿದ್ದಕ್ಕೆ, ಬೇರೆ ದಾರಿ ಇದ್ದರೆ ಹೇಳು ಎಂದಿದ್ದ. ಅವಳಿಗೂ ತೋಚಿರಲಿಲ್ಲ. ಮಾತ್ರೆಯ ಪಟ್ಟಿ ಅವನ ಊಟದ ಚೀಲದ ತಳದಲ್ಲಿರುತ್ತಿತ್ತು.

ಆ ಚಳಿಗಾಲ ಅಜ್ಜಿ ಲವಲವಿಕೆಯಿಂದಲೇ ಇದ್ದರು. ಕೆಟ್ಟದ್ದು ಇತ್ತೀಚಿನ ಮೂರು ತಿಂಗಳಿಂದ. ಮುಖ ಊದಿಕೊಂಡಿತು, ದನಿ ಗೊಗ್ಗರಾಯಿತು, ಕೂತಲ್ಲೇ ತೂಕಡಿಕೆ. ಮಗ ಮಂಡಿನೋವಿನ ನೆಪ ಹೇಳಿ ಅಂಗಡಿಯ ಹತ್ತಿರದ ದವಾಖಾನೆಗೆ ಕರೆದೊಯ್ದು ರಕ್ತ ತೆಗೆಸಿದ. ಮಾತ್ರೆ ತಪ್ಪದೆ ಹೋಗುತ್ತಿದೆ ಎಂದು ವೈದ್ಯರಿಗೆ ಹೇಳಿದ. ಹಾಗಿದ್ದರೆ ಸಾಲದು ಎಂದು ಅವರು ಪ್ರಮಾಣ ಏರಿಸಿದರು. ಮತ್ತೊಮ್ಮೆ ನೋಡಿ ಇನ್ನಷ್ಟು ಏರಿಸಿದರು. ಮಗ ಇನ್ನಷ್ಟು ಅರೆದ. ಅಜ್ಜಿ ಇನ್ನಷ್ಟು ಶಾಲು ಹೊದ್ದರು.

ಅತ್ತ ಬಸ್ಸಿನಲ್ಲಿ ಒಂದು ಘಟನೆ ನಡೆಯಿತು. ತುಂಬಿದ ಬಸ್ಸನ್ನು ಮಗಳು ನಡುದಾರಿಯ ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿ, ಶೌಚಾಲಯಕ್ಕೆ ಓಡಿದಳು. ಮರಳಿ ಬಂದು ಕೂತಾಗ ಗೇರು ಹಿಡಿದ ಕೈ ನಡುಗುತ್ತಿತ್ತು. ಮೇಷ್ಟ್ರು ತಾವೇ ಚಾಲಕನ ಸೀಟಿಗೆ ಬಂದು ಬಸ್ಸನ್ನು ಮುಟ್ಟಿಸಿದರು. ಪ್ರಯಾಣಿಕನೊಬ್ಬ ದೂರು ಕೊಟ್ಟ. ಮೇಷ್ಟ್ರು ಬೈಯಲಿಲ್ಲ, ಕೈ ನಡುಗೋದು ಭಯಕ್ಕಲ್ಲಮ್ಮ, ನಾನು ಭಯ ನೋಡಿದ್ದೀನಿ, ಇದು ಬೇರೆ, ತಿಂಗಳ ಕೊನೆಯ ತಪಾಸಣೆಗೆ ಮುಂಚೆ ಡಾಕ್ಟರಿಗೆ ತೋರಿಸಿಕೋ ಎಂದರಂತೆ.

ಅವಳು ಒಬ್ಬಳೇ ಹೋದಳು. ವೈದ್ಯೆ ಪುರಸೊತ್ತಾಗಿ ಕೇಳಿದರಂತೆ: ಮುಟ್ಟು ಸರಿಯಾಗಿದೆಯೇ, ಗರ್ಭಿಣಿಯೇ, ಹೊರಗಿನ ನೀರು ಊಟವೇ, ಕಾಫಿ ಎಷ್ಟು, ನಿದ್ದೆ ಎಷ್ಟು, ಗಾಬರಿಯ ಸ್ವಭಾವವೇ, ಬೇರೆ ಯಾವುದಾದರೂ ಔಷಧ ಉಂಟೇ. ಈ ವಯಸ್ಸಿನ ಹುಡುಗಿಯರಿಗೆ ಬಿಸಿಯೂ ಹೊಟ್ಟೆಯ ತೊಂದರೆಯೂ ಒಟ್ಟಿಗೆ ಬರಲು ಹತ್ತು ಕಾರಣ ಇರುತ್ತವೆ, ಒಂದೊಂದನ್ನೇ ತೆಗೆದುಹಾಕೋಣ ಎಂದು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಮನೆಗೆ ಬಂದ ಮಗಳು ಮೊದಲು ಹೇಳಿದ್ದು ಒಂದೇ ಮಾತು.

“ಗರ್ಭ ಇಲ್ಲ ಅಂತ ಬಂದಿದೆ. ನಿನ್ನ ನಾದಿನಿಗೆ ಫೋನ್ ಮಾಡಿ ತಿಳಿಸು.”

ರಕ್ತದಲ್ಲಿ ಥೈರಾಯ್ಡ್ ರಸ ಅಳತೆ ಮೀರಿ ಇತ್ತು. ಅಜ್ಜಿಗೆ ಯಾವುದು ಕಡಿಮೆಯೋ ಮೊಮ್ಮಗಳಿಗೆ ಅದೇ ಹೆಚ್ಚು. ವಂಶದಲ್ಲೇ ಇದೆ ಎಂದುಕೊಂಡಳು ಹೊಲಿಗೆಯಮ್ಮ. ಮುಟ್ಟು ನಿಲ್ಲುವ ಕಾಯಿಲೆಯಲ್ಲವಲ್ಲ ಎಂದು ಅರ್ಧ ಸಮಾಧಾನವೂ ಆಯಿತು. ಆದರೆ ಕತ್ತಿನ ಸ್ಕ್ಯಾನ್ ಮಾಡಿಸಿಕೊಂಡು ಬಂದ ದಿನ ಮಗಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತಳು. ಗ್ರಂಥಿಯಲ್ಲಿ ಏನೂ ಕೆಡುಕಿಲ್ಲವಂತೆ. ತೂಕ ಇಳಿಸಲು ಕದ್ದುಮುಚ್ಚಿ ಮಾತ್ರೆ ತಿನ್ನುತ್ತಿದ್ದೀಯಾ, ಹಾಗೆ ಮಾಡುವ ಹುಡುಗಿಯರನ್ನು ನೋಡಿದ್ದೇನೆ ಎಂದು ವೈದ್ಯೆ ಕೇಳಿದರಂತೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತಗೊಳ್ತಾರಾ ಎಂದೂ ಕೇಳಿದರಂತೆ.

“ನೀನೇನಂದೆ?” ಎಂದ ಅಪ್ಪ.

“ಅಜ್ಜಿ ತಗೋತಿದ್ರು, ಬಿಟ್ಟು ತುಂಬ ದಿನ ಆಯ್ತು ಅಂದೆ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಚದ ಮೇಲೆ ಅಜ್ಜಿ ಶಾಲಿನೊಳಗಿಂದ ಕಿವಿಗೊಟ್ಟು ಕೂತಿದ್ದರು. ಅವರ ಎದುರಿಗೆ ಹೇಳುವ ಮಾತು ಅದಾಗಿರಲಿಲ್ಲ. ಗಂಡ ಎದ್ದು ಒಳಗೆ ಹೋಗಿ ಊಟದ ಚೀಲ ತಡಕಿದ. ಪಟ್ಟಿ ಇದ್ದಂತೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಹೊರಗೆ ಬಂದು ತಲೆಯಾಡಿಸಿದ. ಇಲ್ಲಿಂದ ಹೋಗಿಲ್ಲವೆಂದರೆ ಹುಡುಗಿ ಎಲ್ಲೋ ಅಂಗಡಿಯಿಂದ ತರುತ್ತಿದ್ದಾಳೆ ಎಂದು ಆ ತಲೆಯಾಟದ ಅರ್ಥ.

ಹೊಲಿಗೆಯಮ್ಮ ಆ ಅರ್ಥವನ್ನೇ ಹಿಡಿದಳು. ಪ್ಯಾಂಟಿನ ಸೊಂಟ ಎರಡು ಸಲ ಒಳಗೆ ಹಿಡಿದದ್ದು, ಮಗಳು ಕನ್ನಡಿ ಮುಂದೆ ತಿರುಗಿ ನೋಡಿಕೊಂಡು ಈಗ ಚೆನ್ನಾಗಿ ಕೂರುತ್ತೆ ಎಂದದ್ದು, ಎಲ್ಲ ನೆನಪಾಯಿತು. ಮರುದಿನ ಮಗಳು ಸ್ನಾನಕ್ಕೆ ಹೋದಾಗ ಅವಳ ಚೀಲ ಬಿಚ್ಚಿ ಜೇಬು ಜೇಬು ನೋಡಿದಳು. ಬಾಚಣಿಗೆ, ಟವೆಲ್, ಹೊಟ್ಟೆಯುರಿಗೆ ಚೀಪುವ ಗುಳಿಗೆ, ಒಂದು ಜೊತೆ ಒಳಉಡುಪು. ಒಳಉಡುಪು ಯಾಕೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಅದನ್ನು ಮೊದಲಿನಂತೆ ಮಡಿಸಿ ಇಡಲು ಹೋದಳು. ಅಷ್ಟರಲ್ಲಿ ಮಗಳು ಬಂದಿದ್ದಳು.

“ಸಿಕ್ಕಿತಾ?”

ಹೊಲಿಗೆಯಮ್ಮ ಒಳಉಡುಪನ್ನು ಚೀಲದೊಳಗೆ ಇಟ್ಟಳು.

“ಬಸ್ಸಿನಲ್ಲಿ ತಡೆಯೋಕೆ ಆಗದಿದ್ರೆ ಅಂತ ಇಟ್ಕೊಂಡಿದ್ದೀನಿ. ಅತ್ತೆ ಬಸುರಿ ಅಂದ್ರು, ಡಾಕ್ಟ್ರು ಕಳ್ಳಿ ಅಂದ್ರು. ನೀನು ಮಾತ್ರ ಏನೂ ಅಂದಿರಲಿಲ್ಲ.”

ಅವಳು ಚೀಲ ಕಿತ್ತುಕೊಂಡು ಹೋದಳು. ಆ ಮಾತು ಹೊಲಿಗೆಯಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು. ಎರಡು ದಿನ ಮಗಳು ಮನೆಯಲ್ಲಿ ಅನ್ನ ಮುಟ್ಟಲಿಲ್ಲ; ಅಜ್ಜಿ ಒತ್ತಾಯ ಮಾಡಿ ಕೊಟ್ಟದ್ದನ್ನಷ್ಟೇ ತೆಗೆದುಕೊಂಡಳು. ಮೂರನೆಯ ದಿನ ತಾಯಿಯೇ ಯಂತ್ರಕ್ಕೆ ಮುಸುಕು ಹಾಕಿ, ನಡೀ, ಆ ಡಾಕ್ಟರ ಹತ್ತಿರ ನಾನೂ ಬರ್ತೀನಿ, ನನ್ನ ಮಗಳು ಸುಳ್ಳು ಹೇಳಲ್ಲ ಅಂತ ಅವರಿಗೆ ಹೇಳಬೇಕು ಎಂದಳು.

ಹೋಗುವ ದಾರಿಯಲ್ಲಿ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತರು. ಮಗಳು ಕಿಟಕಿ ತೆರೆದಳು. ತಾಯಿ ಸೆರಗನ್ನು ಕಿವಿಗೆ ಎಳೆದುಕೊಂಡಳು.

ವೈದ್ಯೆಯ ಕೋಣೆ ಚಿಕ್ಕದು. ಅವರು ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು ತೋರಿಸಿದರು. ಗ್ರಂಥಿ ತಾನೇ ಹೆಚ್ಚು ರಸ ತಯಾರಿಸುತ್ತಿದ್ದರೆ ಚಿತ್ರದಲ್ಲಿ ಬೆಳಗಬೇಕಿತ್ತು. ಇದು ಕಪ್ಪಾಗಿದೆ, ಅಂದರೆ ಗ್ರಂಥಿ ಕೆಲಸ ನಿಲ್ಲಿಸಿ ಕೂತಿದೆ. ಗ್ರಂಥಿಗೆ ಊತ ಬಂದಿದ್ದರೂ ಹೀಗೆ ಕಾಣುವುದುಂಟು, ಅದಕ್ಕೆಂದೇ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದೆ, ಊತವೂ ಅಲ್ಲ ಎಂದು ಬಂದಿದೆ. ಉಳಿದದ್ದು ಒಂದೇ, ರಸ ಹೊರಗಿನಿಂದ ಒಳಗೆ ಹೋಗುತ್ತಿದೆ. ಹೇಗೆ ಎಂದು ನೀವೇ ಹೇಳಬೇಕು.

“ನನ್ನ ಮಗಳು ಮಾತ್ರೆ ತಗೊಳ್ಳೋದಿಲ್ಲ ಡಾಕ್ಟ್ರೇ,” ಎಂದಳು ಹೊಲಿಗೆಯಮ್ಮ. “ಮನೇಲಿ ತಗೊಳ್ಳೋದು ನಮ್ಮ ಅತ್ತೆ ಒಬ್ಬರೇ.”

ಮಗಳು ತಿರುಗಿ ನೋಡಿದಳು. “ಅಜ್ಜಿ ಬಿಟ್ಟಿದ್ದಾರಲ್ಲ?”

“ಬಿಟ್ಟಿಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೆ. ನಿಮ್ಮಪ್ಪ ಅರೆದು ಚಹಾಕ್ಕೆ ಹಾಕಿ ಕೊಡ್ತಾರೆ.”

“ಯಾವ ಚಹಾಕ್ಕೆ?”

“ಬೆಳಗ್ಗೆದಕ್ಕೆ. ಅವರು ಎದ್ದು ಮಾಡ್ತಾರಲ್ಲ, ಅದಕ್ಕೆ.”

ಮಗಳು ತಾಯಿಯ ಮುಖವನ್ನೇ ನೋಡುತ್ತಾ ಕೂತಳು. ಅವಳ ಕುತ್ತಿಗೆ ಮತ್ತೆ ಕೆಂಪೇರುತ್ತಿತ್ತು.

“ಅಮ್ಮ, ಆ ಚಹಾ ಅಜ್ಜಿ ಕುಡಿಯಲ್ಲ. ನಾನು ಕುಡೀತೀನಿ.”

ಬೆಳಗಿನ ಪಾಳಿ ಶುರುವಾದಾಗಿನಿಂದ ಇದು ನಡೆದಿತ್ತು. ದಾರಿಯಲ್ಲಿ ಶೌಚಾಲಯ ಇರುವುದಿಲ್ಲವೆಂದು ಮಗಳು ಬೆಳಗ್ಗೆ ಏನೂ ಬೇಡ ಎನ್ನುತ್ತಿದ್ದಳು. ಅಷ್ಟು ದೊಡ್ಡ ಗಾಡಿ ಎಳೆಯೋಳು ಬರೀ ಹೊಟ್ಟೇಲಿ ಹೋಗೋದಾ ಎಂದು ಅಜ್ಜಿಯ ವಾದ. ಮಗ ಚಹಾ ಕೊಟ್ಟು ಸ್ನಾನಕ್ಕೆ ಹೋದೊಡನೆ ಅಜ್ಜಿ ಅದನ್ನು ಮೊಮ್ಮಗಳ ಕೈಗೆ ಹಿಡಿಸಿ, ನಿಂತು ಕುಡಿಸಿ, ಖಾಲಿ ಲೋಟವನ್ನು ತೊಟ್ಟಿಯಲ್ಲಿ ಇಡುತ್ತಿದ್ದರು. ಅಪ್ಪನಿಗೆ ಹೇಳಬೇಡ, ಪಾಪ, ನನಗೆ ಅಂತ ಎದ್ದು ಮಾಡ್ತಾನೆ, ಬೇಜಾರು ಮಾಡ್ಕೋತಾನೆ ಎಂದು ಮಾತು ತೆಗೆದುಕೊಂಡಿದ್ದರು. ಆ ಖಾಲಿ ಲೋಟವನ್ನು ದಿನಾ ತೊಳೆದಿಟ್ಟವಳು ಹೊಲಿಗೆಯಮ್ಮ. ಅತ್ತೆ ಚೊಕ್ಕವಾಗಿ ಕುಡಿದಿದ್ದಾರೆ ಎಂದು ಗಂಡನಿಗೆ ದಿನಾ ವರದಿ ಒಪ್ಪಿಸಿದವಳೂ ಅವಳೇ.

ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಬ್ಬರ ಔಷಧ ಇನ್ನೊಬ್ಬರಿಗೆ, ಅದೂ ಏರಿಸಿ ಏರಿಸಿ, ನಿಮ್ಮ ಮನೆಯವರ ಪ್ರೀತಿಗೆ ಏನು ಹೇಳಲಿ ಎಂದರು. ಆಮೇಲೆ ಕೆಲಸದ ಮಾತಿಗೆ ಬಂದರು. ಆ ಚಹಾ ನಿಂತ ಕೂಡಲೇ ಸರಿಹೋಗುವುದಿಲ್ಲ, ಮೈಯಿಂದ ಇಳಿಯಲು ವಾರಗಳು ಬೇಕು, ಎದೆಬಡಿತ ಹತೋಟಿಗೆ ಬರಲು ಸದ್ಯಕ್ಕೆ ಬೇರೆ ಮಾತ್ರೆ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟುವಂತಿಲ್ಲ. ಅಜ್ಜಿಯನ್ನು ಬೇಗ ಕರೆತನ್ನಿ, ಅವರಿಗೆ ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಬೇಕು, ಆ ವಯಸ್ಸಿನ ಹೃದಯಕ್ಕೆ ಒಮ್ಮೆಲೇ ಅಷ್ಟು ಕೊಟ್ಟರೆ ತಡೆಯದು. ಅವರು ಕುಡಿಯದೆ ಇದ್ದದ್ದೂ ಒಂದು ಅದೃಷ್ಟವೇ ಎಂದರು. ಕೊನೆಗೆ ಮಗಳತ್ತ ತಿರುಗಿ, ನಾನು ನಿನ್ನನ್ನು ತಪ್ಪು ತಿಳಿದೆ ಎಂದು ಒಪ್ಪಿಕೊಂಡರು.

“ತಪಾಸಣೆ ಈ ತಿಂಗಳ ಕೊನೆಗೆ,” ಎಂದಳು ಮಗಳು.

“ಈ ತಿಂಗಳು ಆಗಲ್ಲಮ್ಮ.”

ಬಸ್ಸಿಳಿದು ಮನೆಗೆ ನಡೆದು ಬರುವಾಗ ಹೊಲಿಗೆಯಮ್ಮ, ಚೀಲ ನೋಡಬಾರದಿತ್ತು ಎಂದಳು. ಮಗಳು, ಆ ಪ್ಯಾಂಟು ಮತ್ತೆ ಬಿಡಿಸಬೇಕಾಗುತ್ತೆ, ಬಟ್ಟೆ ಕತ್ತರಿಸಿಲ್ಲ ತಾನೆ ಎಂದು ಕೇಳಿದಳು. ಕತ್ತರಿಸಿರಲಿಲ್ಲ. ಒಳಗೆ ಮಡಿಸಿ ಹೊಲಿದಿದ್ದಳು.

ಗಂಡನಿಗೆ ವಿಷಯ ತಿಳಿದಾಗ ಅವನು ಗೋಡೆಗೆ ಒರಗಿ ನಿಂತ. ಅಮ್ಮನಿಗೆ ನೀನೇ ಹೇಳು ಎಂದ. ಹೊಲಿಗೆಯಮ್ಮ ಒಪ್ಪಲಿಲ್ಲ.

“ಅರೆದವರು ನೀವು. ಹೇಳೋರೂ ನೀವೇ.”

ಊಟದ ಹೊತ್ತಿಗೆ ಹೇಳಿದ. ತಟ್ಟೆಯಲ್ಲಿ ಅನ್ನ ಕಲಸುತ್ತಾ, ತಲೆ ಎತ್ತದೆ, ಮಾತ್ರೆಯಿಂದ ಹಿಡಿದು ಸಕ್ಕರೆಯ ತನಕ ಎಲ್ಲವನ್ನೂ ಹೇಳಿದ. ಅಜ್ಜಿ ಮೊದಲು ಕೇಳಿದ್ದು ಮರಿಗೆ ಏನೂ ಆಗುವುದಿಲ್ಲ ತಾನೆ ಎಂದು. ಮೊಮ್ಮಗಳು ಅವರ ಕೈ ಹಿಡಿದು, ಸರಿಹೋಗುತ್ತೆ ಅಜ್ಜಿ, ಡಾಕ್ಟ್ರು ಹೇಳಿದ್ದಾರೆ ಎಂದಳು. ನನ್ನ ಕೈಯಾರೆ ಕುಡಿಸಿದೆನಲ್ಲ ಎಂದು ಅಜ್ಜಿ ಆ ಕೈಯನ್ನು ನೋಡಿಕೊಂಡರು. ಅವರು ಬೈಯುತ್ತಾರೆ, ಮಗಳ ಮನೆಗೆ ಹೊರಡುತ್ತಾರೆ ಎಂದೆಲ್ಲ ಹೊಲಿಗೆಯಮ್ಮ ಎಣಿಸಿದ್ದಳು. ಅದೇನೂ ಆಗಲಿಲ್ಲ. ಅಜ್ಜಿ ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದರು.

“ನೀನು ಹುಟ್ಟಿದಾಗಿಂದ ನಾನು ನಿನಗೆ ಮಾಡಿ ಹಾಕಿದ್ದೇ. ಈಚೆಗೆ ನೀನು ಎದ್ದು ಚಹಾ ಮಾಡಿ ಕೊಡ್ತಿದ್ದೆ. ಬೀದಿಯವರಿಗೆಲ್ಲ ಹೇಳ್ಕೊಂಡು ಬಂದಿದ್ದೆ.”

“ಅಮ್ಮ, ನಿನ್ನ ಒಳ್ಳೇದಕ್ಕೇ...”

“ಗೊತ್ತು. ಚಹಾ ಅಂದ್ಕೊಂಡಿದ್ದೆ, ಅಷ್ಟೆ.”

ಮರುದಿನ ಅಜ್ಜಿ ತಾವಾಗಿಯೇ ವೈದ್ಯೆಯ ಬಳಿ ಹೊರಟರು. ಮಾತ್ರೆ ನುಂಗಲು ಒಪ್ಪಿದರು; ನುಂಗೋದೇ ಆದರೆ ಎಲ್ಲರ ಕಣ್ಣೆದುರಿಗೇ ನುಂಗುತ್ತೇನೆ ಎಂದರು. ಬೆಳಗ್ಗೆ ಎದ್ದು ಮಾತ್ರೆಯನ್ನು ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿ, ನೀರು ಕುಡಿದು, ಬಾಯಿ ಆ ಎಂದು ತೆರೆದು ಸೊಸೆಗೆ ಪರೀಕ್ಷೆ ಒಪ್ಪಿಸುತ್ತಿದ್ದರು. ಆದರೆ ಮಗ ಚಹಾ ತಂದರೆ ಬೇಡ ಎನ್ನುತ್ತಿದ್ದರು. ಕೋಪದಿಂದಲ್ಲ. ಬಿಸಿನೀರು ಸಾಕಪ್ಪ, ನನಗೆ ಅದೇ ಹಿತ ಎನ್ನುತ್ತಿದ್ದರು. ಅವನು ದಿನಾ ಮಾಡುತ್ತಿದ್ದ, ದಿನಾ ತಾನೇ ಕುಡಿದು ಅಂಗಡಿಗೆ ಹೋಗುತ್ತಿದ್ದ. ಹೊಲಿಗೆಯಮ್ಮ ಈಗ ಬೇಗ ಏಳತೊಡಗಿದ್ದಳು. ಗಂಡ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಆ ಲೋಟ ಮುಗಿಸುವುದನ್ನು ನೋಡಿಯೂ ನೋಡದಂತೆ ಒಲೆ ಒರೆಸುತ್ತಿದ್ದಳು.

ಡಿಪೋದವರು ಮಗಳನ್ನು ಕೆಲಸದಿಂದ ತೆಗೆಯಲಿಲ್ಲ. ಮೇಷ್ಟ್ರು ವ್ಯವಸ್ಥಾಪಕರ ಕೋಣೆಗೆ ಹೋಗಿ ಏನು ಹೇಳಿದರೋ, ಅವಳ ತಪಾಸಣೆ ಮುಂದಿನ ತಂಡಕ್ಕೆ ಹೋಯಿತು. ಜೊತೆಗೆ ಸೇರಿದವರು ಕಾಯಂ ಆಗಿ ಬಸ್ಸು ಹತ್ತಿದರು. ಇವಳು ಅಷ್ಟು ದಿನ ಪಾಸು ಕೊಡುವ ಗೂಡಿನಲ್ಲಿ ಕೂತಳು. ಕಂಡಕ್ಟರೊಬ್ಬ, ಬಸ್ಸಿಗೆ ಹೆದರಿ ಇಲ್ಲಿ ಬಂದ್ಯಾ ಎಂದು ಚುಚ್ಚಿದನಂತೆ. ಇಲ್ಲ, ಚಹಾಕ್ಕೆ ಹೆದರಿ ಎಂದು ಇವಳು ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲವಂತೆ. ಮೊದಲು ಹೊಟ್ಟೆ ಸರಿಹೋಯಿತು, ಆಮೇಲೆ ಬಿಸಿ ಏರುವುದು ವಿರಳವಾಯಿತು, ಕೈನಡುಕ ಕೊನೆಗೆ ಹೋಯಿತು. ಪ್ಯಾಂಟಿನ ಸೊಂಟವನ್ನು ಹೊಲಿಗೆಯಮ್ಮ ಮೊದಲು ಒಂದು ಹೊಲಿಗೆ ಬಿಚ್ಚಿದಳು, ಆಮೇಲೆ ಇನ್ನೊಂದು. ಅತ್ತ ಅಜ್ಜಿಯ ಮುಖದ ಊತ ಇಳಿದು, ಉಣ್ಣೆಯ ಕಾಲುಚೀಲ ಪೆಟ್ಟಿಗೆ ಸೇರಿತು. ಕಿಟಕಿ ಅರ್ಧ ತೆರೆದಿರುವುದಕ್ಕೆ ಇಬ್ಬರೂ ಒಪ್ಪಿಕೊಂಡರು. ನಾದಿನಿ ಮತ್ತೆ ಭಾನುವಾರದ ಊಟಕ್ಕೆ ಬಂದಳು, ಕ್ಷಮೆ ಕೇಳಲಿಲ್ಲ. ಮಗಳ ತಟ್ಟೆಗೆ ಮಾತ್ರ ತಾನೇ ಎರಡು ಸಲ ಬಡಿಸಿದಳು.

ತಪಾಸಣೆಯ ದಿನ ಮಗಳು ಎರಡೂ ಕೈ ಚಾಚಿದಾಗ ಬೆರಳ ಮೇಲೆ ಕಾಗದ ಇಟ್ಟು ನೋಡಿದರಂತೆ. ಕಾಗದ ಅಲುಗಲಿಲ್ಲ.

ಪಕ್ಕದಲ್ಲಿ ಮೇಷ್ಟ್ರಿಲ್ಲದೆ ಅವಳು ಬಸ್ಸು ಓಡಿಸಬೇಕಾದ ಮೊದಲ ಬೆಳಗ್ಗೆ ಮನೆಯಲ್ಲಿ ಎಲ್ಲರೂ ಎದ್ದಿದ್ದರು. ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು ಮಾತ್ರೆ ನುಂಗಿ, ವೈದ್ಯೆ ಹೇಳಿದಷ್ಟು ಹೊತ್ತು ಬರೀ ಹೊಟ್ಟೆಯಲ್ಲಿ ಕಾದು ಕೂತಿದ್ದರು. ಮಗಳು ಸಮವಸ್ತ್ರ ತೊಟ್ಟು, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಬಂದು ಅವರ ಎದುರು ನಿಂತಳು. ಅಜ್ಜಿ ಬಿಲ್ಲೆಯನ್ನು ಬೆರಳಿಂದ ಸವರಿ, ಡೊಂಕಾಗಿದೆ ನೋಡು ಎಂದು ಸೊಸೆಯನ್ನು ಕರೆದರು. ಹೊಲಿಗೆಯಮ್ಮ ಅದನ್ನು ನೇರ ಮಾಡಿದಳು.

“ಏನಪ್ಪಾ,” ಎಂದು ಅಜ್ಜಿ ಅಡುಗೆಮನೆಯತ್ತ ಕೂಗಿದರು, “ಇವತ್ತು ಚಹಾ ಇಲ್ವಾ?”

ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು. ಮಗ ಲೋಟ ಹಿಡಿದು ಬಂದ. ತಾಯಿಯ ಕೈಗೆ ಚಾಚಿದ. ಅಜ್ಜಿ ತೆಗೆದುಕೊಳ್ಳಲಿಲ್ಲ, ಲೋಟದೊಳಗೆ ಬಗ್ಗಿ ನೋಡಿದರು, ಆಮೇಲೆ ಮಗನ ಮುಖ ನೋಡಿದರು.

“ಮೊದಲು ನೀನು ಒಂದು ಗುಟುಕು ಕುಡಿ.”

ಅವನು ಕುಡಿದ.

“ಇನ್ನೊಂದು.”

ಅವನು ಇನ್ನೊಂದು ಗುಟುಕು ಕುಡಿದ. ಅವನ ಕಿವಿ ಕೆಂಪಾಗಿತ್ತು. ಬಾಗಿಲಲ್ಲಿ ಮಗಳು ನಗು ತಡೆಯಲಾರದೆ ಬೆನ್ನು ತಿರುಗಿಸಿ ಬೂಟಿನ ದಾರ ಕಟ್ಟತೊಡಗಿದಳು. ಅಜ್ಜಿ ಲೋಟ ಇಸಕೊಂಡು, ಯಾರ ಕಡೆಗೂ ನೋಡದೆ, ಸಾವಕಾಶವಾಗಿ ತಳ ಕಾಣುವ ತನಕ ಕುಡಿದರು. ಕುಡಿದಾದ ಮೇಲೆ ಅದನ್ನು ಬೋರಲು ಹಿಡಿದು ಸೊಸೆಗೆ ತೋರಿಸಿದರು.

“ನೋಡ್ಕೋ. ಇವತ್ತು ನಾನೇ ಕುಡಿದಿದ್ದು.”